ಪಿಕಾಚು ಒಬ್ಬನೇ, ಪೆಟ್ಟಿಗೆ ಎರಡು: ಲೆಗೋ, ಮೆಗಾ ಗೊಂಬೆಗಳ ಪೈಪೋಟಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಇವತ್ತು ಆಟಿಕೆ ಬಗ್ಗೆ ಮಾತಾಡೋಣ. ಆಟಿಕೆ ಅಂದ ತಕ್ಷಣ ಸ್ಕಿಪ್ ಬಟನ್ ಒತ್ತಬೇಡಿ. ಯಾಕಂದ್ರೆ ಇವತ್ತು ನಾವು ಮಾತಾಡೋ ಆಟಿಕೆಗಳಲ್ಲಿ ಒಂದರ ಬೆಲೆ ಅಮೆರಿಕದಲ್ಲಿ 650 ಡಾಲರ್. ನಮ್ಮ ರೂಪಾಯಿ ಲೆಕ್ಕದಲ್ಲಿ ಅರ್ಧ ಲಕ್ಷ ದಾಟುತ್ತೆ. ಇಂಥದ್ದನ್ನ ಕೊಳ್ಳೋರು ಮಕ್ಕಳಲ್ಲ. ಕೆಲಸಕ್ಕೆ ಸೇರಿ, ಕೈಗೆ ಸಂಬಳ ಬರೋಕೆ ಶುರುವಾದ ಮೇಲೆ, ಚಿಕ್ಕವರಿದ್ದಾಗ ಟೀವಿಯಲ್ಲಿ ನೋಡಿದ ಕಾರ್ಟೂನನ್ನ ಈಗ ಮೇಜಿನ ಮೇಲೆ ಇಟ್ಕೋಬೇಕು ಅನ್ನೋ ಹುಡುಗ ಹುಡುಗಿಯರು.

ವಿಷಯ ಏನಂದ್ರೆ, ಪೋಕೆಮಾನ್. 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಮೊದಲ ಪೋಕೆಮಾನ್ ಗೇಮ್ ಬಂತು. ಮರುವರ್ಷ ಏಪ್ರಿಲ್‌ನಲ್ಲಿ ಕಾರ್ಟೂನ್ ಶುರುವಾಯ್ತು. ಗೇಮಿಗೆ ಸರಿಯಾಗಿ 30 ವರ್ಷ ತುಂಬಿದ ದಿನ, ಅಂದ್ರೆ 2026ರ ಫೆಬ್ರವರಿ 27ರಂದು, ಡೆನ್ಮಾರ್ಕಿನ ಲೆಗೋ ಕಂಪನಿ ತನ್ನ ಮೊದಲ ಪೋಕೆಮಾನ್ ಸೆಟ್‌ಗಳನ್ನ ಮಾರುಕಟ್ಟೆಗೆ ಬಿಟ್ಟಿತು. ಆದರೆ ಬ್ರಿಕ್ ಜೋಡಿಸಿ ಪಿಕಾಚು ಕಟ್ಟೋದು ಹೊಸ ಸಂಗತಿ ಏನಲ್ಲ. ಮೆಗಾ ಅನ್ನೋ ಇನ್ನೊಂದು ಬ್ರಾಂಡ್ 2017ರಿಂದಲೇ ಪೋಕೆಮಾನ್ ಗೊಂಬೆಗಳನ್ನ ಮಾಡ್ತಾ ಬಂದಿತ್ತು.

ಹಾಗಾದ್ರೆ ಯಾವುದು ಚೆಂದ? ಲೆಗೋದ್ದಾ, ಮೆಗಾದ್ದಾ? ಈ ಪ್ರಶ್ನೆಗೆ ಜನ ಜಗಳಾನೇ ಆಡ್ತಾರೆ. ನನ್ನ ಪ್ರಕಾರ ಉತ್ತರ ಸಿಗಬೇಕಾದ್ರೆ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು. ಈ ಗೊಂಬೆಯಲ್ಲಿ ಯಾವ ಭಾಗ ಯಾರ ಸ್ವತ್ತು? ಅದು ಗೊತ್ತಾದ್ರೆ, ಎರಡೂ ಯಾಕೆ ಬೇರೆ ಬೇರೆ ಥರ ಕಾಣುತ್ತವೆ, ದುಡ್ಡು ಎಲ್ಲಿಗೆ ಹೋಗುತ್ತೆ, ನಿಮಗೆ ಯಾವುದು ಬೇಕು ಅನ್ನೋದೆಲ್ಲ ತಾನಾಗಿಯೇ ಬಿಡಿಸ್ಕೊಳ್ಳುತ್ತೆ.

ಮೊದಲು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

ಲೆಗೋ ಶುರುವಿಗೆ ತಂದದ್ದು ಮೂರು ದೊಡ್ಡ ಸೆಟ್. ಈವೀ, 587 ತುಂಡು, 60 ಡಾಲರ್. ಪಿಕಾಚು ಮತ್ತು ಪೋಕೆ ಬಾಲ್, 2,050 ತುಂಡು, 200 ಡಾಲರ್. ಮೂರನೆಯದು ವೀನಸಾರ್, ಚಾರಿಜಾರ್ಡ್, ಬ್ಲಾಸ್ಟಾಯ್ಸ್ ಮೂವರೂ ಒಟ್ಟಿಗಿರೋ ಸೆಟ್. ಅದರಲ್ಲಿ 6,838 ತುಂಡು. ಆಗಲೇ ಹೇಳಿದ 650 ಡಾಲರ್ ಇದರದ್ದೇ. ಪಿಕಾಚು ಸೆಟ್ಟಿನ ಪೆಟ್ಟಿಗೆ ಮೇಲೆ 18 ವರ್ಷ ಮೇಲ್ಪಟ್ಟವರಿಗೆ ಅಂತ ಹಾಕಿದ್ದಾರೆ. ಅಂದ್ರೆ ಕಂಪನಿಯೇ ಹೇಳ್ತಿದೆ, ಇದು ಕಟ್ಟಿ ಶೋಕೇಸಿನಲ್ಲಿ ಇಡೋ ವಸ್ತು ಅಂತ. ಪಿಕಾಚು ಪೋಕೆ ಬಾಲ್‌ನಿಂದ ಹೊರಕ್ಕೆ ಚಿಮ್ಮುತ್ತಿರೋ ಭಂಗಿ. ನೋಡೋಕೆ ಭರ್ಜರಿ. ಆದರೆ ಎತ್ತಿಕೊಂಡು ಮನೆ ತುಂಬಾ ಓಡೋಕೆ ಆಗಲ್ಲ.

ಮೆಗಾ ಹೋದ ದಾರಿ ಬೇರೆ. ಅವರ ಹೆಸರುವಾಸಿ ಸೆಟ್ ಅಂದ್ರೆ ಪ್ಲಾಸ್ಟಿಕ್ ಪೋಕೆ ಬಾಲ್. ಅದನ್ನ ತೆಗೆದ್ರೆ ಒಳಗೆ ಒಂದು ಚಿಕ್ಕ ಪೋಕೆಮಾನ್‌ಗೆ ಬೇಕಾದಷ್ಟು ತುಂಡು. ಕೂತಲ್ಲೇ ಜೋಡಿಸಬಹುದು, ಮುಷ್ಟಿಯಲ್ಲಿ ಹಿಡಿಯಬಹುದು, ಜೇಬಿಗೆ ಹಾಕ್ಕೋಬಹುದು. ಕಣ್ಣು, ಕೆನ್ನೆ ಎಲ್ಲ ತುಂಡಿನ ಮೇಲೆಯೇ ಅಚ್ಚಾಗಿರುತ್ತೆ. ಮೆಗಾ ದೊಡ್ಡದನ್ನೇ ಮಾಡಿಲ್ಲ ಅಂತಲ್ಲ. ಒಂದು ಅಡಿ ಎತ್ತರದ ಪಿಕಾಚು ಇದೆ. ಹಿಡಿಕೆ ತಿರುಗಿಸಿದ್ರೆ ಓಡುವ ಹಾಗೆ ಕಾಲು ಆಡಿಸೋ ಪಿಕಾಚೂ ಇದೆ. ಆದರೆ ಅದರ ಹೆಸರು ನಿಂತಿರೋದು ಅಂಗೈಯಲ್ಲಿ ಹಿಡಿಸೋ ಪೋಕೆಮಾನ್ ಮೇಲೆ.

ಈಗ ಮೂಲ ಪ್ರಶ್ನೆಗೆ ಬರೋಣ. ಇಂಥ ಯಾವುದೇ ಗೊಂಬೆಯಲ್ಲಿ ಮೂರು ಪದರ ಇರುತ್ತೆ. ಒಂದು, ಬ್ರಿಕ್. ಎರಡು, ಗೊಂಬೆಯ ಮೈಕಟ್ಟು. ಮೂರು, ಪಾತ್ರ. ಈ ಮೂರಕ್ಕೂ ಮೂರು ಬೇರೆ ಬೇರೆ ಹಕ್ಕಿನ ಕಥೆ ಇದೆ.

ಮೊದಲನೆಯದು, ಬ್ರಿಕ್. ಮೇಲೆ ಗುಬುಟು, ಕೆಳಗೆ ಟೊಳ್ಳು ಕೊಳವೆ, ಒಂದರ ಮೇಲೊಂದು ಒತ್ತಿದ್ರೆ ಟಕ್ ಅಂತ ಕಚ್ಚಿಕೊಳ್ಳೋದು. ಇದಕ್ಕೆ ಲೆಗೋ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಪೇಟೆಂಟ್ ಅನ್ನೋದು ಶಾಶ್ವತ ಅಲ್ಲ, ಕೆಲವು ವರ್ಷದ ಗುತ್ತಿಗೆ ಇದ್ದ ಹಾಗೆ. ಅವಧಿ ಮುಗಿದ ಮೇಲೆ ಯಾರು ಬೇಕಾದ್ರೂ ಮಾಡಬಹುದು. ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಒಂದು ಕಂಪನಿ ಅದನ್ನೇ ಮಾಡ್ತು. ಆ ಕಂಪನಿಯ ಹೆಸರು ಕೇಳಿ, ರಿತ್ವಿಕ್! ನಮ್ಮ ಕಡೆ ಹುಡುಗನ ಹೆಸರು ಅನ್ಸುತ್ತೆ ಅಲ್ವಾ? ಅಲ್ಲ. ಸ್ಥಾಪಕರು ಗಂಡ ಹೆಂಡತಿ, ವಿಕ್ಟರ್ ಮತ್ತು ರೀಟಾ. ಇಬ್ಬರ ಹೆಸರು ಸೇರಿಸಿ ರಿತ್ವಿಕ್. ಅವರ ಬ್ರಾಂಡೇ ಮೆಗಾ ಬ್ಲಾಕ್ಸ್. ಇವತ್ತಿನ ಮೆಗಾ.

ಲೆಗೋ ಸುಮ್ಮನಿರಲಿಲ್ಲ. ಪೇಟೆಂಟ್ ಹೋದ್ರೇನಂತೆ, ಗುಬುಟಿನ ಆ ಜೋಡಣೆ ನೋಡಿದ ತಕ್ಷಣ ಜನಕ್ಕೆ ನಮ್ಮ ನೆನಪಾಗುತ್ತೆ, ಹಾಗಾಗಿ ಅದು ನಮ್ಮ ಟ್ರೇಡ್‌ಮಾರ್ಕ್ ಅಂತ ಕೋರ್ಟಿಗೆ ಹೋಯ್ತು. ಟ್ರೇಡ್‌ಮಾರ್ಕ್ ಆದ್ರೆ ಏನು ಲಾಭ ಗೊತ್ತಾ? ಅದನ್ನ ನವೀಕರಿಸ್ತಾ ಎಷ್ಟು ವರ್ಷ ಬೇಕಾದ್ರೂ ಇಟ್ಕೋಬಹುದು. 2005ರ ನವೆಂಬರ್‌ನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಅದನ್ನ ಒಪ್ಪಲಿಲ್ಲ. ಆ ಗುಬುಟು ಇರೋದು ಕಚ್ಚಿಕೊಳ್ಳೋಕೆ, ಕೆಲಸಕ್ಕೆ ಬೇಕಾದ ಆಕಾರವನ್ನ ಟ್ರೇಡ್‌ಮಾರ್ಕ್ ಹೆಸರಲ್ಲಿ ಕಟ್ಟಿಹಾಕೋಕೆ ಆಗಲ್ಲ ಅಂತ ಹೇಳ್ತು. 2010ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ಅತ್ಯುನ್ನತ ನ್ಯಾಯಾಲಯವೂ ಹೆಚ್ಚುಕಡಿಮೆ ಇದೇ ಮಾತು ಹೇಳ್ತು. ಅಲ್ಲಿಗೆ ಬ್ರಿಕ್ ಎಲ್ಲರದ್ದೂ ಆಯ್ತು. ಹಾಗಾಗಿಯೇ ಮೆಗಾ ತುಂಡು ಲೆಗೋ ತುಂಡಿಗೆ ಕಚ್ಚಿಕೊಳ್ಳುತ್ತೆ. ಅದು ಕಳ್ಳತನ ಅಲ್ಲ, ಕಾನೂನು ಒಪ್ಪಿದ ಪೈಪೋಟಿ.

ಎರಡನೆಯ ಪದರ, ಗೊಂಬೆಯ ಮೈಕಟ್ಟು. ಇಲ್ಲಿ ಕಥೆ ತಿರುಗುತ್ತೆ.

ಲೆಗೋದ ಪುಟ್ಟ ಮನುಷ್ಯ, ಮಿನಿಫಿಗರ್ ಅಂತಾರಲ್ಲ, ಅವನು ಈಗಿನ ರೂಪಕ್ಕೆ ಬಂದದ್ದು 1978ರಲ್ಲಿ. ಎತ್ತರ ಸುಮಾರು ನಾಲ್ಕು ಸೆಂಟಿಮೀಟರ್. ಡಬ್ಬಿಯಂಥ ತಲೆ, ಮೇಲೆ ಕಿರಿದಾಗೋ ಎದೆ, ಅರ್ಧ ಬಳೆ ಥರದ ಕೈ, ಚೌಕದ ಕಾಲು. ತಲೆ, ಎರಡು ತೋಳು, ಎರಡು ಕೈ, ಎರಡು ಕಾಲು ಸೇರಿ ಏಳು ಕಡೆ ತಿರುಗುತ್ತೆ. ಮೊಣಕಾಲು ಇಲ್ಲ, ಮೊಣಕೈ ಮಡಚಲ್ಲ. ಬ್ರಿಟನ್ನಿನ ಬೆಸ್ಟ್-ಲಾಕ್ ಅನ್ನೋ ಕಂಪನಿ ಈ ಆಕಾರದ ಟ್ರೇಡ್‌ಮಾರ್ಕನ್ನೂ ರದ್ದು ಮಾಡಿ ಅಂತ ಕೇಳಿತು. ಇದೂ ಬ್ರಿಕ್‌ಗೆ ಕಚ್ಚಿಕೊಳ್ಳೋಕೆ ಮಾಡಿದ ಆಕಾರ ತಾನೇ ಅನ್ನೋದು ಅದರ ವಾದ. 2015ರ ಜೂನ್‌ನಲ್ಲಿ ಯುರೋಪಿನ ನ್ಯಾಯಾಲಯ ಆ ವಾದ ತಳ್ಳಿಹಾಕ್ತು. ಬ್ರಿಕ್ ಕಚ್ಚಿಕೊಳ್ಳೋಕೆ ಅದೇ ತಲೆ, ಅದೇ ಮೈ ಬೇಕಾಗಿಲ್ಲ, ಹಾಗಾಗಿ ಆ ಟ್ರೇಡ್‌ಮಾರ್ಕ್ ಉಳಿಯುತ್ತೆ ಅಂತ ತೀರ್ಪು ಕೊಟ್ಟಿತು.

ಅರ್ಥ ಆಯ್ತಾ? ಗೋಡೆ ಯಾರು ಬೇಕಾದ್ರೂ ಕಟ್ಟಬಹುದು. ಆದರೆ ಆ ಗೋಡೆ ಪಕ್ಕ ನಿಲ್ಲೋ ಪುಟ್ಟ ಮನುಷ್ಯ ಮಾತ್ರ ಲೆಗೋದ ಸ್ವತ್ತು. ಪ್ರತಿಸ್ಪರ್ಧಿ ಅದೇ ಆಕಾರ ಎತ್ತಿಕೊಂಡ್ರೆ ಕೋರ್ಟು ಕಾದಿರುತ್ತೆ. ಬೇರೆ ಮೈಕಟ್ಟು ಹುಡುಕಬೇಕು. ಮೆಗಾ ಹಿಡಿದದ್ದು ಕೀಲಿನ ದಾರಿ. ಅವರ ಗೊಂಬೆ ಪುಟ್ಟ ಆಕ್ಷನ್ ಫಿಗರ್ ಇದ್ದ ಹಾಗೆ. ಭುಜ ಮುಂದಕ್ಕೂ ಪಕ್ಕಕ್ಕೂ ಹೋಗುತ್ತೆ, ಸೊಂಟ ತಿರುಗುತ್ತೆ, ಮೊಣಕಾಲು ಮಡಚುತ್ತೆ. ಕತ್ತಿ ಎತ್ತಿ ಹೊಡೆಯೋ ಭಂಗಿ ಬೇಕಂದ್ರೆ ಮೆಗಾ ಗೊಂಬೆ ನಿಲ್ಲುತ್ತೆ, ಲೆಗೋ ಮಿನಿಫಿಗರ್ ಅಟೆನ್ಷನ್‌ನಲ್ಲಿ ನಿಂತ ಪೊಲೀಸ್ ಥರ ಇರುತ್ತೆ.

ಇದರಿಂದ ಕಾರ್ಟೂನ್ ಪಾತ್ರಗಳಿಗೆ ಏನಾಗುತ್ತೆ ನೋಡಿ. 2014ರಲ್ಲಿ ಲೆಗೋ ಸಿಂಪ್ಸನ್ಸ್ ಗೊಂಬೆ ತಂತು. ಸಿಂಪ್ಸನ್ಸ್ ಮನೆ ಸೆಟ್ಟಿನಲ್ಲೇ 2,523 ತುಂಡು. ಆಮೇಲೆ 16 ಪಾತ್ರಗಳ ಬಿಡಿ ಗೊಂಬೆ ಬಂದವು. ಹೋಮರ್‌ನ ಉಬ್ಬುಗಣ್ಣು, ಬಾರ್ಟ್‌ನ ಮುಳ್ಳುಮುಳ್ಳು ತಲೆ ಲೆಗೋದ ಮಾಮೂಲಿ ಡಬ್ಬಿ ತಲೆಗೆ ಹೊಂದಲ್ಲ. ಹಾಗಾಗಿ ತಲೆಗೆ ಹೊಸ ಅಚ್ಚು ಮಾಡಿದ್ರು. ಕುತ್ತಿಗೆಯಿಂದ ಕೆಳಗೆ? ಅದೇ ಹಳೇ ಮೈ. ಹೋಮರ್‌ಗೆ ಹೊಟ್ಟೆ ಎಲ್ಲಿದೆ? ಬಟ್ಟೆ ಮೇಲಿನ ಗೆರೆಯಲ್ಲಿದೆ. 2013ರಲ್ಲಿ ಬಂದ ನಿಂಜಾ ಟರ್ಟಲ್ಸ್ ಕೂಡ ಹಾಗೇ. ಹೊಸ ತಲೆ, ಬೆನ್ನಿಗೆ ಸಿಕ್ಕಿಸೋ ಚಿಪ್ಪು, ಉಳಿದದ್ದು ಮಾಮೂಲಿ. ಲೆಗೋ ಪಾತ್ರವನ್ನ ತನ್ನ ಊರಿನವನನ್ನಾಗಿ ಮಾಡ್ಕೊಳ್ಳುತ್ತೆ. ಅದಕ್ಕೇ ಹೋಮರ್‌ನ ಪೊಲೀಸ್ ಜೀಪಲ್ಲಿ ಕೂರಿಸಬಹುದು, ಆಮೆಗೆ ಗಗನಯಾತ್ರಿ ಹೆಲ್ಮೆಟ್ ಹಾಕೋಕೆ ಆಗದಿದ್ರೂ ಅವನ ಕಾಲು ತೆಗೆದು ಬೇರೆಯವನಿಗೆ ಹಾಕಬಹುದು. ಎಲ್ಲರೂ ಒಂದೇ ಅಳತೆ.

ಮೆಗಾ ಮಾಡೋದು ತಿರುಗಾಮುರುಗಾ. ಹೀ-ಮ್ಯಾನ್ ತಗೊಳ್ಳಿ. ಹೀ-ಮ್ಯಾನ್ ಅಂದ್ರೆ ಮಾಂಸಖಂಡ. ಅವನನ್ನ ಚೌಕಾಕಾರದ ಎದೆಗೆ ಇಳಿಸಿದ್ರೆ ಏನು ಉಳಿಯುತ್ತೆ? ಮೆಗಾದ ಹೀ-ಮ್ಯಾನ್‌ಗೆ ಉಬ್ಬಿದ ಎದೆ, ದಪ್ಪ ತೋಳು, ಬಾಗೋ ಮೊಣಕಾಲು ಎಲ್ಲ ಇದೆ. 2019ರಲ್ಲಿ ಅವನ ಕ್ಯಾಸಲ್ ಗ್ರೇಸ್ಕಲ್ ಕೋಟೆಯನ್ನೂ 3,508 ತುಂಡಿನಲ್ಲಿ ತಂದ್ರು. ಪಾತ್ರಕ್ಕೆ ತಕ್ಕ ಮೈ. ನಷ್ಟ ಏನಪ್ಪಾ ಅಂದ್ರೆ, ಆ ಮೈ ಬೇರೆ ಕಡೆ ಹೊಂದೋದು ಕಷ್ಟ.

ಹಾಗಾಗಿ ಯಾವುದು ಚೆಂದ ಅನ್ನೋ ಜಗಳದಲ್ಲಿ ಇಬ್ಬರೂ ಬೇರೆ ಬೇರೆ ವಿಷಯ ಮಾತಾಡ್ತಿರ್ತಾರೆ. ಒಬ್ಬರಿಗೆ ಪಾತ್ರ ಟೀವಿಯಲ್ಲಿದ್ದ ಹಾಗೇ ಕಾಣಬೇಕು. ಇನ್ನೊಬ್ಬರಿಗೆ ಎಲ್ಲ ಗೊಂಬೆ ಒಂದೇ ಪೆಟ್ಟಿಗೆಯಲ್ಲಿ ಬೆರೆತು ಆಡಬೇಕು.

ಮೂರನೆಯ ಪದರ, ಪಾತ್ರ. ನಿಮ್ಮ ಜೇಬಿಗೆ ಹೆಚ್ಚು ತಟ್ಟೋದು ಇದು.

ಪಿಕಾಚು ಲೆಗೋದವನೂ ಅಲ್ಲ, ಮೆಗಾದವನೂ ಅಲ್ಲ. ಹಕ್ಕು ಇರೋದು ನಿಂಟೆಂಡೊ, ಗೇಮ್ ಫ್ರೀಕ್, ಕ್ರಿಯೇಚರ್ಸ್ ಅನ್ನೋ ಮೂರು ಜಪಾನಿ ಕಂಪನಿಗಳ ಬಳಿ. ಅವರ ಪರವಾಗಿ ವ್ಯವಹಾರ ನೋಡೋದು ಪೋಕೆಮಾನ್ ಕಂಪನಿ. ಆಟಿಕೆ ಮಾಡೋರು ಲೈಸೆನ್ಸ್ ಪಡೀಬೇಕು, ಅದಕ್ಕೆ ಹಣ ಕೊಡಬೇಕು. ಪೆಟ್ಟಿಗೆ ಮೇಲಿನ ಬೆಲೆಯಲ್ಲಿ ಪ್ಲಾಸ್ಟಿಕ್ಕಿನ ಜೊತೆಗೆ ಆ ಹಣವೂ ಸೇರಿರುತ್ತೆ. ಮನೆ ಬಾಡಿಗೆ ಇದ್ದ ಹಾಗೆ ಅಂದ್ಕೊಳ್ಳಿ. ಕರಾರು ಮುಗಿದ್ರೆ ಖಾಲಿ ಮಾಡಬೇಕು.

ಉದಾಹರಣೆ ಬೇಕಾ? ಸ್ಪಂಜ್‌ಬಾಬ್. 2006ರಲ್ಲಿ ಲೆಗೋ ಮೊದಲು ಅವನ ಸೆಟ್ ತಂತು. ಕೆಲವು ವರ್ಷ ಆದ ಮೇಲೆ ಲೆಗೋ ಪೆಟ್ಟಿಗೆಯಲ್ಲಿ ಅವನಿಲ್ಲ, ಮೆಗಾ ಬ್ಲಾಕ್ಸ್ ಪೆಟ್ಟಿಗೆಯಲ್ಲಿ ಪ್ರತ್ಯಕ್ಷ. ನಿಂಜಾ ಟರ್ಟಲ್ಸ್‌ನದ್ದೂ ಅದೇ ಪ್ರಯಾಣ. ನಾಲ್ಕು ಆಮೆಗಳೂ ಲೆಗೋ ಬಿಟ್ಟು ಮೆಗಾ ಸೇರಿದ್ರು. ಪೋಕೆಮಾನ್ ಮಾತ್ರ ಎದುರು ದಿಕ್ಕಿನಲ್ಲಿ ಬಂತು, ಮೊದಲು ಮೆಗಾದಲ್ಲಿ, ಆಮೇಲೆ ಲೆಗೋದಲ್ಲಿ. ಹೀ-ಮ್ಯಾನ್‌ಗೆ ಮಾತ್ರ ಈ ಬಾಡಿಗೆಯ ಚಿಂತೆ ಇಲ್ಲ. ಯಾಕಂದ್ರೆ ಹೀ-ಮ್ಯಾನ್ ಮ್ಯಾಟೆಲ್ ಕಂಪನಿಯ ಸ್ವಂತ ಪಾತ್ರ. 2014ರಲ್ಲಿ ಮೆಗಾವನ್ನ ಸುಮಾರು 46 ಕೋಟಿ ಡಾಲರ್‌ಗೆ ಕೊಂಡುಕೊಂಡದ್ದೂ ಅದೇ ಮ್ಯಾಟೆಲ್. ಅವನದ್ದು ಸ್ವಂತ ಮನೆ.

ಹಾಗಾದ್ರೆ ಪಾತ್ರದ ಮಾಲೀಕರೇ ಬ್ರಿಕ್ ಮಾಡಿಬಿಟ್ರೆ? ಅದೂ ಆಗಿದೆ. ಟ್ರಾನ್ಸ್‌ಫಾರ್ಮರ್ಸ್ ಹ್ಯಾಸ್‌ಬ್ರೊ ಕಂಪನಿಯದ್ದು. 2011ರಲ್ಲಿ ಅವರು ಕ್ರಿಯೋ ಅನ್ನೋ ಸ್ವಂತ ಬ್ರಿಕ್ ಬ್ರಾಂಡ್ ಶುರು ಮಾಡಿದ್ರು. ಆಪ್ಟಿಮಸ್ ಪ್ರೈಮ್ ಸೆಟ್ ಬಂತು. ಆದರೆ ಒಂದು ತೊಡಕು. ರೋಬೋ ಆಗಿದ್ದವನು ಲಾರಿ ಆಗಬೇಕಾದ್ರೆ ಎಲ್ಲ ಬಿಚ್ಚಿ ಮತ್ತೆ ಕಟ್ಟಬೇಕಿತ್ತು. ಟ್ರಾನ್ಸ್‌ಫಾರ್ಮರ್ ಅಂತ ಹೆಸರು, ಮಡಚಿದ್ರೆ ರೂಪ ಬದಲಾಗಲ್ಲ ಅಂದ್ರೆ ಹೇಗೆ? ಕ್ರಿಯೋ ಬಹಳ ಕಾಲ ಬಾಳಲಿಲ್ಲ. 2022ರಲ್ಲಿ ಅದೇ ಹ್ಯಾಸ್‌ಬ್ರೊ ಲೆಗೋ ಜೊತೆ ಕೈಜೋಡಿಸ್ತು. 1,508 ತುಂಡಿನ ಲೆಗೋ ಆಪ್ಟಿಮಸ್ ಪ್ರೈಮ್ ಬಂತು. 19 ಕಡೆ ಕೀಲು. ಒಂದು ತುಂಡನ್ನೂ ಕೀಳದೆ ರೋಬೋದಿಂದ ಲಾರಿಗೆ, ಲಾರಿಯಿಂದ ರೋಬೋಗೆ ಮಡಚಬಹುದು. ಕೀಲು ಅಂದ್ರೆ ಮೆಗಾ, ಚೌಕ ಅಂದ್ರೆ ಲೆಗೋ ಅಂತ ನಾನು ಆಗ ಹೇಳಿದ್ನಲ್ಲ, ಅದು ಪುಟ್ಟ ಮಿನಿಫಿಗರ್ ಮಟ್ಟಿಗೆ ನಿಜ. ದೊಡ್ಡ ಮಾದರಿಗೆ ಬಂದ್ರೆ ಲೆಗೋ ಕೂಡ ಕೀಲಿನ ಆಟ ಚೆನ್ನಾಗಿ ಬಲ್ಲದು.

ಸರಿ, ಇದೆಲ್ಲ ತಿಳ್ಕೊಂಡು ಏನು ಮಾಡೋದು? ಕೊಳ್ಳೋ ಮುಂಚೆ ನಾಲ್ಕು ವಿಷಯ ನೋಡಿ.

ಒಂದು, ಗೊಂಬೆ ಆಡೋಕಾ, ಇಡೋಕಾ? ಅಣ್ಣನ ಮಗಳ ಬರ್ತ್‌ಡೇಗೆ ಪಿಕಾಚು ಕೊಡಬೇಕು ಅಂದ್ರೆ 2,050 ತುಂಡಿನ ಪೆಟ್ಟಿಗೆ ಬೇಡ. ಅದನ್ನ ಕಟ್ಟೋರು ನೀವೇ ಆಗ್ತೀರಿ, ಮುಟ್ಟಬೇಡ ಅಂತ ಗದರೋರೂ ನೀವೇ. ಮಗುವಿಗೆ ಅಂಗೈ ಅಳತೆಯ ಗೊಂಬೆಯೇ ಸರಿ. ಮೂರು ವರ್ಷದೊಳಗಿನ ಮಕ್ಕಳಿಗಂತೂ ಇಂಥ ಸಣ್ಣ ತುಂಡಿನ ಯಾವ ಸೆಟ್ಟೂ ಬೇಡ, ನುಂಗಿದ್ರೆ ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಆದರೆ ನಿಮ್ಮ ರೂಮಿನ ಮೇಜಿಗೆ ಒಂದು ಬೇಕು, ಎರಡು ಮೂರು ವಾರಾಂತ್ಯ ಕೂತು ಕಟ್ಟೋ ಖುಷಿ ಬೇಕು ಅಂದ್ರೆ ದೊಡ್ಡದು ತಗೊಳ್ಳಿ.

ಎರಡು, ಮನೆಯಲ್ಲಿ ಈಗಾಗಲೇ ಏನಿದೆ? ಹಳೇ ಲೆಗೋ ಪೆಟ್ಟಿಗೆ ಇದ್ರೆ ಹೊಸ ಮಿನಿಫಿಗರ್ ಅದರ ಜೊತೆ ಸಲೀಸಾಗಿ ಬೆರೆಯುತ್ತೆ. ಮೆಗಾ ಬ್ರಿಕ್ ಕೂಡ ಲೆಗೋ ಬ್ರಿಕ್‌ಗೆ ಕೂರುತ್ತೆ, ಆದರೆ ಗೊಂಬೆಗಳ ಕೈಕಾಲು, ತಲೆ ಅದಲುಬದಲು ಆಗಲ್ಲ.

ಮೂರು, ತುಂಡಿನ ಸಂಖ್ಯೆ ನೋಡಿ ಮರುಳಾಗಬೇಡಿ. ದೊಡ್ಡ ಮಾದರಿಯ ಸಾವಿರಾರು ತುಂಡುಗಳಲ್ಲಿ ಎಷ್ಟೋ ತುಂಡು ಒಳಗಿನ ಅಸ್ಥಿಪಂಜರಕ್ಕೇ ಹೋಗುತ್ತೆ, ಹೊರಗೆ ಕಾಣಲ್ಲ. ಮುಖ ಅಚ್ಚಾಗಿದೆಯಾ, ಸ್ಟಿಕರ್ರಾ? ಕೀಲು ಎಷ್ಟು? ಗಟ್ಟಿಯಾಗಿ ನಿಲ್ಲುತ್ತಾ? ಪೆಟ್ಟಿಗೆಯ ಚಿತ್ರದ ಬದಲು ಯಾರಾದ್ರೂ ಬಿಚ್ಚಿ ಕಟ್ಟಿದ ವಿಡಿಯೊ ನೋಡಿ. ಲೆಗೋ ಜೋಡಣೆಯ ಕೈಪಿಡಿಗಳು ಅವರ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ದುಡ್ಡು ಕೊಡೋ ಮೊದಲೇ ಡೌನ್‌ಲೋಡ್ ಮಾಡಿ, ಕಟ್ಟೋದು ನಿಮ್ಮ ಕೈಲಿ ಆಗುತ್ತಾ ಅಂತ ಪುಟ ತಿರುವಿ ನೋಡಬಹುದು.

ನಾಲ್ಕು, ಪೈಪೋಟಿ ಬೇರೆ, ನಕಲಿ ಬೇರೆ. ಇದು ಬಹಳ ಮುಖ್ಯ. ಮೆಗಾ ಬ್ರಿಕ್ ಎಲ್ಲರದ್ದೂ ಆದ ಮೇಲೆ ಮಾಡ್ತು, ಮೈಕಟ್ಟು ತನ್ನದೇ ಮಾಡ್ಕೊಂಡ್ತು, ಪಾತ್ರಕ್ಕೆ ಲೈಸೆನ್ಸ್ ಪಡೀತು. ಮೂರು ಪದರದಲ್ಲೂ ನೇರ. ಆದರೆ ಲೆಗೋ ಸೆಟ್ಟನ್ನೇ, ಪೆಟ್ಟಿಗೆ ಸಮೇತ, ಎತ್ತಿ ನಕಲು ಮಾಡೋರೂ ಇದ್ದಾರೆ. ಚೀನಾದ ಲೆಪಿನ್ ಅನ್ನೋ ಬ್ರಾಂಡ್ ಹೀಗೇ ದೊಡ್ಡದಾಗಿ ಬೆಳೀತು. 2019ರಲ್ಲಿ ಪೊಲೀಸರು ದಾಳಿ ಮಾಡಿದ್ರು. 2020ರ ಸೆಪ್ಟೆಂಬರ್‌ನಲ್ಲಿ ಶಾಂಘೈ ನ್ಯಾಯಾಲಯ ಮುಖ್ಯ ಆರೋಪಿಗೆ ಆರು ವರ್ಷ ಜೈಲು, ಒಂಬತ್ತು ಕೋಟಿ ಯುವಾನ್ ದಂಡ ವಿಧಿಸಿತು.

ನಮ್ಮಲ್ಲಿ ಈ ಆಸೆ ಯಾಕೆ ಹುಟ್ಟುತ್ತೆ ಅಂತ ಗೊತ್ತು. ಭಾರತದಲ್ಲಿ ಆಟಿಕೆ ಆಮದು ಸುಂಕ 2020ರಲ್ಲಿ ಶೇ 20ರಿಂದ ಶೇ 60ಕ್ಕೆ ಏರಿತು, 2023ರಲ್ಲಿ ಶೇ 70 ಆಯ್ತು. ಹೊರಗಿನಿಂದ ಬರೋ ಪೆಟ್ಟಿಗೆ ದುಬಾರಿ. ಅದರ ಕಾಲುಭಾಗ ಬೆಲೆಗೆ ಅದೇ ಥರ ಕಾಣೋ ಗೊಂಬೆ ಸಿಕ್ಕಿದ್ರೆ ಕೈ ತಾನಾಗಿ ಹೋಗುತ್ತೆ. ಆದರೆ 2021ರ ಜನವರಿ 1ರಿಂದ, 14 ವರ್ಷದೊಳಗಿನ ಮಕ್ಕಳು ಆಡೋ ಆಟಿಕೆಗಳಿಗೆ ನಮ್ಮ ದೇಶದಲ್ಲಿ ಐಎಸ್‌ಐ ಮುದ್ರೆ ಕಡ್ಡಾಯ. ಪ್ಲಾಸ್ಟಿಕ್‌ನಲ್ಲಿ, ಬಣ್ಣದಲ್ಲಿ ಏನಿದೆ, ಚೂಪು ಅಂಚು ಇದೆಯಾ ಅಂತ ಪರೀಕ್ಷೆ ಆಗಿರಲಿ ಅಂತ ಈ ನಿಯಮ. ಮಗುವಿಗೆ ಕೊಳ್ಳುವಾಗ ಪಿಕಾಚು ಮುಖ ನೋಡೋ ಮೊದಲು ಆ ಮುದ್ರೆ ನೋಡಿ. ಮುದ್ರೆ ಇಲ್ಲ, ಕಂಪನಿ ಹೆಸರಿಲ್ಲ, ಪೆಟ್ಟಿಗೆ ಮೇಲೆ ವಿಳಾಸವಿಲ್ಲ ಅಂದ್ರೆ ಅಂಗಡಿಯವರಿಗೆ ನಮಸ್ಕಾರ ಹೇಳಿ ಮುಂದೆ ಹೋಗಿ. ದುಡ್ಡು ಕಮ್ಮಿ ಇದ್ರೆ ನಕಲಿ ಒಂದೇ ದಾರಿ ಅಲ್ಲ. ಲೈಸೆನ್ಸ್ ಇರೋ ಚಿಕ್ಕ ಸೆಟ್ಟು, ಕೈ ಬದಲಾದ ಹಳೇ ಸೆಟ್ಟು, ಇವೂ ಇವೆ.

ಕೊನೆಗೆ ನನ್ನ ಆಯ್ಕೆ ಕೇಳಿದ್ರೆ, ಪಿಕಾಚು ಮಟ್ಟಿಗೆ ನನ್ನ ಓಟು ಮೆಗಾದ ಅಂಗೈ ಗೊಂಬೆಗೆ. ಪೋಕೆಮಾನ್ ಅನ್ನೋ ಹೆಸರು ಬಂದದ್ದೇ ಪಾಕೆಟ್ ಮಾನ್‌ಸ್ಟರ್ ಅನ್ನೋದರಿಂದ. ಜೇಬಿಗೆ ಹಿಡಿಸೋ ಪ್ರಾಣಿ ಜೇಬಿಗೆ ಹಿಡಿಸಬೇಕು. ಆಪ್ಟಿಮಸ್ ಪ್ರೈಮ್ ಮಟ್ಟಿಗೆ ಲೆಗೋ, ಕಣ್ಣು ಮುಚ್ಚಿಕೊಂಡು. ಸಿಂಪ್ಸನ್ಸ್? ಲೆಗೋ ಗೊಂಬೆಗಳ ಮೊದಲಿನ ಬಣ್ಣವೇ ಹಳದಿ, ಸ್ಪ್ರಿಂಗ್‌ಫೀಲ್ಡ್ ಜನಾನೂ ಹಳದಿ, ಅವರು ಅಲ್ಲೇ ಹುಟ್ಟಿದ ಹಾಗೆ ಕಾಣ್ತಾರೆ. ಹೀ-ಮ್ಯಾನ್ ಮೆಗಾದಲ್ಲೇ ಇರಲಿ. ಒಂದೇ ಬ್ರಾಂಡಿಗೆ ನಿಷ್ಠೆ ಅಂತ ಕೂತ್ರೆ ಇದರಲ್ಲಿ ಅರ್ಧ ಖುಷಿ ಹೋಗುತ್ತೆ.

ನಿಮ್ಮ ಮೇಜಿನ ಮೇಲೆ ಯಾರಿದ್ದಾರೆ? ಯಾವ ಪಾತ್ರ ಯಾವ ಪೆಟ್ಟಿಗೆಯಲ್ಲಿ ಚೆಂದ ಅನ್ಸಿತು? ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೆಲವನ್ನ ಕೇಳಿಸ್ತೀವಿ. ಅಲ್ಲಿವರೆಗೂ, ನೆಲದ ಮೇಲೆ ಬಿದ್ದಿರೋ ಬ್ರಿಕ್ ತುಳೀಬೇಡಿ, ಲೆಗೋ ಆಗಲಿ ಮೆಗಾ ಆಗಲಿ ನೋವು ಒಂದೇ.